ನಿಮ್ಮ ತೋಳಿಗೆ ಬೇಡವಾದ ನನ್ನ ಬೆರಳು

ಮಾನ್ಯರೇ, ವೈದ್ಯಕೀಯ ಅರ್ಹತಾ ಮಂಡಳಿಯ ಅಧ್ಯಕ್ಷರೇ,

ನನ್ನ ಎಡಗೈ ತೋರುಬೆರಳಿನ ತುದಿಗೆ ಬಿಸಿ ಗೊತ್ತಾಗುವುದಿಲ್ಲ, ತಣ್ಣಗಿರುವುದು ಗೊತ್ತಾಗುವುದಿಲ್ಲ, ಸೂಜಿ ಚುಚ್ಚಿದರೂ ಗೊತ್ತಾಗುವುದಿಲ್ಲ. ಅದರೊಳಗೆ ತುಂಡಾಗಿರುವ ನರವನ್ನು ಜೋಡಿಸುವ ಶಸ್ತ್ರಚಿಕಿತ್ಸೆಗೆ ನಿಮ್ಮ ಅನುಮತಿ ಕೇಳಿದ್ದೆ. ‘ಸದರಿ ಶಸ್ತ್ರಚಿಕಿತ್ಸೆಯು ಕೇವಲ ಸೌಂದರ್ಯವರ್ಧನೆಯ ಉದ್ದೇಶದ್ದಾಗಿರುವುದರಿಂದ ಅನುಮತಿಸಲಾಗದು’ ಎಂದು ಬರೆದಿರಿ. ಅಷ್ಟಕ್ಕೆ ಕೈ ತೊಳೆದುಕೊಳ್ಳದೆ, ಅದರ ಕೆಳಗೇ ‘ಸದರಿ ನೌಕರರ ಬೆರಳು ಪೂರ್ಣ ಸ್ವರೂಪದಲ್ಲಿದ್ದು, ಇವರು ಹಿಂದಿನ ಕೆಲಸಕ್ಕೆ ಸಂಪೂರ್ಣ ಸಮರ್ಥರು’ ಎಂದೂ ಸೇರಿಸಿದಿರಿ. ಹೀಗೆ ಬರೆದ ನೀವು, ಕಳೆದ ಸೋಮವಾರ ಅದೇ ಬೆರಳಿನ ಮುಂದೆ ನಿಮ್ಮ ತೋಳು ಚಾಚಬೇಕಾಗಿ ಬಂದಾಗ ಏನು ಮಾಡಿದಿರಿ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಊರಿಗೆ ಗೊತ್ತಿಲ್ಲ. ಆದ್ದರಿಂದ ಈ ಪತ್ರ ನಿಮ್ಮ ಮೇಜಿಗೆ ಬಾರದೆ ಪತ್ರಿಕೆಗೆ ಬಂದಿದೆ.

ಮೊದಲೇ ಹೇಳಿಬಿಡುತ್ತೇನೆ, ಇದು ವಿನಂತಿಯಲ್ಲ. ವಿನಂತಿ ಮಾಡಿ ಮಾಡಿ ನನ್ನ ನಾಲಿಗೆಯೂ ಬೆರಳಿನ ಹಾಗೆ ಜಡವಾಗಿದೆ. ನನಗೆ ಸಿಟ್ಟಿದೆ, ಸೇಡು ಬೇಕು. ‘ಸೇಡು ಅನ್ನಬೇಡ್ರೀ, ನ್ಯಾಯ ಅನ್ನಿ, ಕೇಳೋಕೆ ಚೆನ್ನಾಗಿರುತ್ತೆ’ ಎಂದು ಪತ್ರಿಕೆಯವರೊಬ್ಬರು ಹೇಳಿದರು. ನ್ಯಾಯವನ್ನು ನಿಮ್ಮ ಮಂಡಳಿಯಲ್ಲಿ ಒಮ್ಮೆ ನೋಡಿ ಬಂದಿದ್ದೇನೆ. ಹಾಗಾಗಿ ಸೇಡು ಎಂಬ ಮಾತೇ ಇರಲಿ.

ನಾನು ಯಾರೆಂದು ಓದುಗರಿಗೆ ಹೇಳಬೇಕು. ನಮ್ಮ ಆಸ್ಪತ್ರೆಯ ನೆಲಮಹಡಿಯಲ್ಲಿ ಪರೀಕ್ಷೆಗೆ ರಕ್ತ ತೆಗೆಯುವ ಕೊಠಡಿಯಿದೆ. ಉದ್ದನೆಯ ಬೆಂಚು, ತೋಳಿಡುವ ಹಲಗೆಯ ಮೂರು ಕುರ್ಚಿ, ಮೂಲೆಯಲ್ಲಿ ಬಳಸಿದ ಸೂಜಿ ಹಾಕುವ ಹಳದಿ ಡಬ್ಬ. ಆ ಮೂರನೆಯ ಕುರ್ಚಿಯ ಪಕ್ಕ ನಿಂತು ನನ್ನ ಕೂದಲು ನರೆತಿದೆ. ಚಿಕ್ಕ ಮಕ್ಕಳ ವಾರ್ಡಿನಿಂದ ಕರೆ ಬಂದರೆ ಹೋಗುವವಳೂ ನಾನೇ. ಮಕ್ಕಳಿಗೆ ‘ಏನಿಲ್ಲ ಕಂದಾ, ಇರುವೆ ಕಚ್ಚಿದ ಹಾಗೆ, ಅಷ್ಟೇ’ ಎಂದು ಹೇಳಿ ಹೇಳಿ ನನಗೆ ‘ಇರುವೆ ಅಕ್ಕ’ ಎಂಬ ಹೆಸರು ಅಂಟಿತು. ಈಗ ಆಸ್ಪತ್ರೆಯ ಕಾವಲುಗಾರರಿಂದ ಹಿಡಿದು ಮುಖ್ಯ ವೈದ್ಯರವರೆಗೆ ಎಲ್ಲರಿಗೂ ನಾನು ಇರುವೆ ಅಕ್ಕ. ನನ್ನ ನಿಜವಾದ ಹೆಸರು ಸಂಬಳದ ದಿನ ಮಾತ್ರ ನೆನಪಾಗುತ್ತದೆ.

ಜನ ರಕ್ತ ಹರಿಯುವುದಕ್ಕೂ ನರ ಅನ್ನುತ್ತಾರೆ, ನೋವು ತಿಳಿಸುವುದಕ್ಕೂ ನರ ಅನ್ನುತ್ತಾರೆ. ಈ ಪತ್ರದಲ್ಲಿ ಗೊಂದಲ ಬೇಡ. ರಕ್ತ ಹರಿಯುವುದನ್ನು ನಾಳ ಅನ್ನುತ್ತೇನೆ, ಸ್ಪರ್ಶ ಹೊರುವುದನ್ನು ನರ ಅನ್ನುತ್ತೇನೆ. ನಮ್ಮ ಕೆಲಸದಲ್ಲಿ ಸೂಜಿ ಹಿಡಿಯುವ ಬಲಗೈ ಬರೀ ಕೂಲಿ, ಯಜಮಾನ ಎಡಗೈ ತೋರುಬೆರಳು. ಕಣ್ಣಿಗೆ ಕಾಣುವ ನಾಳವನ್ನು ಯಾರಾದರೂ ಚುಚ್ಚುತ್ತಾರೆ. ಕಾಣದ ನಾಳವನ್ನು ಬೆರಳ ತುದಿಯಿಂದ ಒತ್ತಿ, ಬಿಟ್ಟು, ಮತ್ತೆ ಒತ್ತಿ ಹುಡುಕಬೇಕು. ಹಾಸಿಗೆಯಡಿ ಸಿಕ್ಕಿಕೊಂಡ ದಾರದ ಹಾಗೆ ಅದು ಎಲ್ಲೋ ಒಂದು ಕಡೆ ಮೆಲ್ಲಗೆ ಪುಟಿಯುತ್ತದೆ. ಪುಟಿದಲ್ಲಿ ಬೆರಳು ನಿಲ್ಲಬೇಕು, ಬೆರಳು ನಿಂತಲ್ಲಿ ಸೂಜಿ ಇಳಿಯಬೇಕು. ದಪ್ಪ ತೋಳಿನವರಿಗೂ, ಹಸುಗೂಸುಗಳಿಗೂ, ತಿಂಗಳುಗಟ್ಟಲೆ ಔಷಧಿ ಏರಿಸಿಕೊಂಡು ನಾಳಗಳೇ ಬತ್ತಿದವರಿಗೂ ಬೇರೆ ದಾರಿಯಿಲ್ಲ.

ಇಲ್ಲೊಂದು ಗುಟ್ಟು ಬಿಟ್ಟುಕೊಡಬೇಕು, ಏಕೆಂದರೆ ಅದೇ ಗುಟ್ಟನ್ನು ನೀವು ನನ್ನ ಕೊರಳಿಗೆ ಕಟ್ಟಿದ್ದೀರಿ. ನಾವು ಕೈಗೆ ರಬ್ಬರ್ ಗ್ಲೌಸ್ ಹಾಕಿದ ಕೂಡಲೇ ಎಡಗೈ ತೋರುಬೆರಳಿನ ತುದಿಯನ್ನು ಚಿವುಟಿ ಹರಿದು ಹಾಕುತ್ತೇವೆ. ನಿಯಮದ ಪ್ರಕಾರ ತಪ್ಪು. ಗೋಡೆಯ ಮೇಲೆ ಚಿತ್ರ ಸಮೇತ ಬರೆದು ಅಂಟಿಸಿದ್ದಾರೆ. ಆ ಚಿತ್ರದ ಕೆಳಗೇ ನಿಂತು ಹರಿಯುತ್ತೇವೆ. ರಬ್ಬರ್ ಪೊರೆ ಇದ್ದರೆ ನಾಳ ಅರ್ಧ ಮಾತಾಡುತ್ತದೆ, ಬರಿ ಚರ್ಮಕ್ಕೆ ಪೂರ್ತಿ ಮಾತಾಡುತ್ತದೆ. ನಮ್ಮ ಕೊಠಡಿಯಲ್ಲಿ ಗ್ಲೌಸ್ ಹರಿಯದವರು ಯಾರೂ ಇಲ್ಲ.

ಇನ್ನು ನಿಮ್ಮ ವಿಷಯ. ಮಾನ್ಯರೇ, ನಿಮ್ಮ ನಾಳ ನಿಮ್ಮ ಮನಸ್ಸಿನಂತೆಯೇ ಬಹಳ ಆಳದಲ್ಲಿದೆ, ಸುಲಭಕ್ಕೆ ಕೈಗೆ ಸಿಗುವುದಿಲ್ಲ. ಪ್ರತಿ ಸಲ ಪರೀಕ್ಷೆಗೆ ಬಂದಾಗಲೂ ಬಾಗಿಲಲ್ಲೇ ‘ಇರುವೆ ಅಕ್ಕ ಇದ್ದಾಳೇನ್ರೀ?’ ಎಂದು ಕೇಳಿಯೇ ಒಳಗೆ ಬರುತ್ತಿದ್ದಿರಿ. ಒಮ್ಮೆ ಹೊಸ ಗ್ಲೌಸ್ ಹಾಕಿ ಹುಡುಕುತ್ತಿದ್ದಾಗ, ‘ಅದೇನು ಶಾಸ್ತ್ರ ಮಾಡ್ತೀಯಮ್ಮಾ, ಹರಿದು ಹಾಕಿ ನೋಡು’ ಅಂದವರೂ ನೀವೇ. ಹರಿದೆ, ಸಿಕ್ಕಿತು. ‘ನಿನ್ನ ಬೆರಳಿಗೆ ಕಣ್ಣಿದೆ ಕಣಮ್ಮಾ’ ಎಂದು ಹೊಗಳಿ ಹತ್ತಿ ಒತ್ತಿಕೊಂಡು ಹೋದಿರಿ. ಆ ಹೊಗಳಿಕೆಯನ್ನು ಮನೆಗೆ ಹೋಗಿ ನಮ್ಮತ್ತೆಗೆ ಹೇಳಿ ಮೆರೆದಿದ್ದೆ, ನನ್ನ ಕರ್ಮ.

ಅಂಥ ಬೆರಳನ್ನು ತಿಂದದ್ದು ಬುಗುರಿ. ರಕ್ತದ ಟ್ಯೂಬುಗಳನ್ನು ಗರಗರ ತಿರುಗಿಸಿ ತಿಳಿಯನ್ನು ಬೇರೆ ಮಾಡುವ ಯಂತ್ರಕ್ಕೆ ನಾವು ಇಟ್ಟ ಹೆಸರದು. ಚಕ್ರ ತಿರುಗುತ್ತಿರುವಾಗ ಮುಚ್ಚಳ ತೆರೆಯದಂತೆ ಅದಕ್ಕೊಂದು ಚಿಲಕವಿರುತ್ತದೆ. ನಮ್ಮ ಬುಗುರಿಯ ಚಿಲಕ ಮುರಿದು ಎಷ್ಟೋ ಕಾಲವಾಗಿತ್ತು. ಹೇಳಿದಾಗಲೆಲ್ಲ ‘ಬರುತ್ತೆ, ಬರುತ್ತೆ’ ಎಂಬ ಉತ್ತರ ಬರುತ್ತಿತ್ತು, ಚಿಲಕ ಬರಲಿಲ್ಲ. ಗಾಯಕ್ಕೆ ಹಾಕುವ ಬಿಳಿ ಪ್ಲಾಸ್ಟರನ್ನೇ ಮುಚ್ಚಳಕ್ಕೆ ಅಂಟಿಸಿ ಕೆಲಸ ಸಾಗಿಸುತ್ತಿದ್ದೆವು. ಅಂದು ಒಳಗೆ ಟ್ಯೂಬೊಂದು ಒಡೆದ ಸದ್ದಾಯಿತು. ಸ್ವಿಚ್ ಆರಿಸಿ, ಪ್ಲಾಸ್ಟರ್ ಕಿತ್ತು, ಉಳಿದ ಟ್ಯೂಬುಗಳಾದರೂ ಉಳಿಯಲಿ ಎಂದು ಕೈ ಹಾಕಿದೆ. ಚಕ್ರ ನಿಂತಂತೆ ಕಂಡಿತ್ತು, ನಿಂತಿರಲಿಲ್ಲ. ತೋರುಬೆರಳಿನ ಮುಂತುದಿಯ ಚರ್ಮ, ಅದರಡಿಯ ಮೆತ್ತೆ ಎರಡೂ ಹೋದವು. ಎರಡು ಬದಿಯ ನರ ಜಜ್ಜಿಹೋಯಿತು. ಎಲುಬು ಮಾತ್ರ ಉಳಿಯಿತು.

ಆ ಕ್ಷಣ ನನ್ನ ಗ್ಲೌಸಿನ ತುದಿ ಹರಿದಿತ್ತು, ನಿಜ. ನಿಮ್ಮ ಆದೇಶ ‘ನೌಕರರ ಸ್ವಯಂ ನಿರ್ಲಕ್ಷ್ಯ’ ಎನ್ನುವುದು ಅದನ್ನೇ. ಬಲೂನಿನಷ್ಟು ತೆಳ್ಳಗಿನ ಆ ರಬ್ಬರ್ ಹರಿಯದೆ ಇದ್ದಿದ್ದರೆ ಉಕ್ಕಿನ ಚಕ್ರ ಹೆದರಿ ನಿಂತುಬಿಡುತ್ತಿತ್ತೇ? ಮುರಿದ ಚಿಲಕದ ಬಗ್ಗೆ ಒಂದು ಅಕ್ಷರವಿಲ್ಲ, ಹರಿದ ಗ್ಲೌಸಿನ ಬಗ್ಗೆ ಒಂದಿಡೀ ಪುಟ. ನಿಮ್ಮ ತೋಳಿನ ಮೇಲೆ ಆ ಹರಿದ ಗ್ಲೌಸ್ ಓಡಾಡಿದಾಗ ಅದು ಕೈಚಳಕ, ನನ್ನ ಬೆರಳು ಹೋದಾಗ ಅದೇ ನಿರ್ಲಕ್ಷ್ಯ. ಇದನ್ನು ಹೇಗೆ ಬರೆದಿರಿ ಸ್ವಾಮೀ, ಪೆನ್ನು ಒಂದಿಷ್ಟೂ ತಡವರಿಸಲಿಲ್ಲವೇ?

ನನ್ನ ಬೆರಳನ್ನು ಉಳಿಸಿದವರು ನಮ್ಮದೇ ಆಸ್ಪತ್ರೆಯ ಶಸ್ತ್ರಚಿಕಿತ್ಸಕಿ. ಸೂಕ್ಷ್ಮದರ್ಶಕದಡಿ ಕೂದಲೆಳೆಗಿಂತ ಸಣ್ಣ ದಾರದಲ್ಲಿ ಹೊಲಿಯುವುದರಿಂದ ನಾವೆಲ್ಲ ಅವರನ್ನು ಹೊಲಿಗೆ ಡಾಕ್ಟರು ಅನ್ನುತ್ತೇವೆ. ಮಾತು ಸ್ವಲ್ಪ ಒರಟು, ಕೈ ಬಹಳ ಮೃದು. ‘ನೋಡಮ್ಮಾ, ಎಲುಬನ್ನೂ ಮೊಟಕು ಮಾಡಿ ಹೊಲಿದ್ರೆ ಬೇಗ ವಾಸಿ. ಉಳಿಸ್ಬೇಕು ಅಂದ್ರೆ ತಿಂಗಳುಗಟ್ಟಲೆ ಪಾಡು. ಯಾವುದು ಬೇಕು?’ ಎಂದು ಕೇಳಿದರು.

‘ನನಗೆ ಕೆಲಸ ಬೇಕು ಮೇಡಂ’ ಅಂದೆ.

‘ಹಾಗಾದ್ರೆ ಉಳಿಸೋಣ. ಆಮೇಲೆ ಅಳ್ಕೊಂಡು ಬಂದ್ರೆ ಬೈತೀನಿ.’

ಪಕ್ಕದ ನಡುಬೆರಳಿನ ಹಿಂಬದಿಯ ಚರ್ಮವನ್ನು ಪುಸ್ತಕದ ಹಾಳೆ ತೆರೆದಂತೆ ಒಂದು ಬದಿ ಅಂಟಿಕೊಂಡಿರಲು ಬಿಟ್ಟು ಎತ್ತಿದರು. ಅದನ್ನು ಮಗುಚಿ ತೋರುಬೆರಳಿನ ಗಾಯದ ಮೇಲೆ ಹೊದಿಸಿ ಹೊಲಿದರು. ನಡುಬೆರಳಿನ ಬರಿದಾದ ಜಾಗಕ್ಕೆ ತೋಳಿನಿಂದ ತೆಳು ಚರ್ಮ ತಂದು ಹಾಕಿದರು. ಹೊದಿಸಿದ ಚರ್ಮ ಹೊಸ ಜಾಗದಲ್ಲಿ ಬೇರು ಬಿಡುವ ತನಕ ಎರಡು ಬೆರಳೂ ಒಂದಕ್ಕೊಂದು ಹೊಲಿಗೆ ಬಿದ್ದು ಅವಳಿಗಳಾಗಿದ್ದವು. ನಮ್ಮ ಯಜಮಾನರಿಗೆ ಟೈರ್ ಪಂಕ್ಚರ್ ಅಂಗಡಿ. ಅವರು ಬ್ಯಾಂಡೇಜನ್ನು ತಿರುಗಿಸಿ ತಿರುಗಿಸಿ ನೋಡಿ, ‘ಇದು ನಮ್ಮ ಪ್ಯಾಚ್ ಕೆಲಸವೇ ಕಣೇ. ಆದ್ರೆ ನಾವು ಒಂದು ಟ್ಯೂಬಿಗೆ ಪ್ಯಾಚ್ ಹಾಕೋಕೆ ಇನ್ನೊಂದು ಒಳ್ಳೇ ಟ್ಯೂಬಿಗೆ ಕಟ್ಟಿಹಾಕಲ್ಲಪ್ಪ’ ಎಂದರು. ಅಷ್ಟೂ ದಿನ ನನ್ನ ಜಡೆ ಹಾಕಿದ್ದು ಅವರೇ. ಲಾರಿಗೆ ಹಗ್ಗ ಬಿಗಿದ ಹಾಗಿರುತ್ತಿತ್ತು, ಆದರೂ ಹಾಕಿದರು.

ಚರ್ಮ ಕೂತಿತು, ಬೆರಳುಗಳನ್ನು ಬಿಡಿಸಿದರು, ಮಡಚುವ ಬಿಡಿಸುವ ವ್ಯಾಯಾಮ ಮಾಡಿಸಿದರು. ನೋಡಲು ಬೆರಳು ಬೆರಳಿನ ಹಾಗೇ ಇದೆ. ಹಿಂಬದಿಯ ಚರ್ಮವಾದ್ದರಿಂದ ಮುಂತುದಿಯಲ್ಲಿ ಸಣ್ಣ ಕೂದಲು ಬೆಳೆಯುತ್ತದೆ, ಅದನ್ನು ನೋಡಿ ಚಿಕ್ಕ ಮಕ್ಕಳ ಹಾಗೆ ನಗುವವರು ನಮ್ಮತ್ತೆ. ಅವರೇ ಒಂದು ದಿನ ಬಟ್ಟೆ ಒಗೆದು ಬಂದ ನನ್ನ ಕೈ ಹಿಡಿದು ನೋಡಿದರು. ನೀರಲ್ಲಿ ನೆಂದು ಎಲ್ಲ ಬೆರಳೂ ಸುಕ್ಕುಗಟ್ಟಿದ್ದವು, ಇದೊಂದು ನುಣ್ಣಗಿತ್ತು. ‘ಅಲ್ಲ ಕಣೇ, ಉಳಿದವೆಲ್ಲ ಮುದುಕಿಯಾದ್ವು, ಇವಳೊಬ್ಬಳು ಮಾತ್ರ ಮದುವೆ ಹೆಣ್ಣು!’ ಅಂದರು. ಹೊಲಿಗೆ ಡಾಕ್ಟರಿಗೆ ಹೇಳಿದರೆ ಅವರು ನಗಲಿಲ್ಲ. ನರ ಸತ್ತ ಚರ್ಮ ಬೆವರುವುದಿಲ್ಲ, ನೀರಲ್ಲಿ ಸುಕ್ಕುಗಟ್ಟುವುದೂ ಇಲ್ಲವಂತೆ.

ಅದೇ ವಾರ ಹಾಲಿನ ಪಾತ್ರೆ ಇಳಿಸುತ್ತಿದ್ದಾಗ ಏನೋ ಸುಟ್ಟ ವಾಸನೆ ಬಂತು. ಹಾಲು ಸೀದಿತೇನೋ ಎಂದು ಬಗ್ಗಿ ನೋಡಿದೆ. ಸುಡುತ್ತಿದ್ದದ್ದು ನನ್ನ ಬೆರಳು.

ಮುಂದಿನ ದಾರಿಯನ್ನೂ ಅವರೇ ಹೇಳಿದರು. ಜಜ್ಜಿದ ನರವನ್ನು ಮೊದಲ ದಿನವೇ ಹೊಲಿಯುವಂತಿರಲಿಲ್ಲ. ಈಗ ಚರ್ಮ ಗಟ್ಟಿಯಾಗಿದೆ, ಮುಂಗೈಯಿಂದ ಅಷ್ಟೇನೂ ಅಗತ್ಯವಿಲ್ಲದ ಸಣ್ಣ ನರವೊಂದನ್ನು ತೆಗೆದು ನಡುವಿನ ಬಿರುಕಿಗೆ ಸೇತುವೆ ಹಾಕಬಹುದು. ‘ಮೊದಲಿನ ಹಾಗೇ ಆಗುತ್ತೆ ಅಂತ ಸುಳ್ಳು ಹೇಳಲ್ಲ. ನರ ಇರುವೆಗಿಂತ ನಿಧಾನ ತೆವಳುತ್ತೆ. ಆದ್ರೆ ನಿನ್ನ ಕೆಲಸಕ್ಕೆ ಬೇಕಾದಷ್ಟು ಬರೋ ಸಾಧ್ಯತೆ ಇದೆ. ತಡ ಮಾಡಿದಷ್ಟೂ ಆ ಸಾಧ್ಯತೆ ಕಮ್ಮಿ. ಪೆಟ್ಟಾಗಿ ವರ್ಷ ತುಂಬೋದ್ರೊಳಗೆ ಮಾಡ್ಲೇಬೇಕು’ ಅಂದರು. ಸಿಬ್ಬಂದಿಗೆ ತುರ್ತಿನದ್ದಲ್ಲದ ಶಸ್ತ್ರಚಿಕಿತ್ಸೆ ಮಾಡಲು ಮಂಡಳಿಯ ಸಹಿ ಬೇಕು. ಹಾಗೆ ನನ್ನ ಬೆರಳು ನಿಮ್ಮ ಮೇಜಿನ ಮೇಲೆ ಬಂತು.

ಆ ದಿನವನ್ನು ನಾನು ಮರೆಯುವುದಿಲ್ಲ. ದೊಡ್ಡ ಮೇಜು, ನಡುವೆ ನೀವು, ಎರಡೂ ಪಕ್ಕದಲ್ಲಿ ನೀವು ನಕ್ಕರೆ ನಗುವ ಇಬ್ಬರು ಸದಸ್ಯರು. ನೀವು ನನ್ನ ಬೆರಳನ್ನು ತರಕಾರಿಯ ಹಾಗೆ ತಿರುಗಿಸಿ ನೋಡಿದಿರಿ.

‘ಎಷ್ಟು ಚೆನ್ನಾಗಿದೆಯಲ್ಲಮ್ಮಾ! ಹೊಸದರ ಹಾಗಿದೆ.’

‘ಸ್ಪರ್ಶ ಇಲ್ಲ ಸರ್.’

‘ಬಗ್ಗುತ್ತಾ?’

‘ಬಗ್ಗುತ್ತೆ ಸರ್.’

ಅಳತೆಪಟ್ಟಿ ತಂದು ಇಟ್ಟಿರಿ. ಉದ್ದ ಪೂರ್ತಿ ಇತ್ತು. ಮೇಜಿನ ಮೇಲೆ ಪೆನ್ನು ಉರುಳಿಸಿ ‘ಎತ್ತು’ ಅಂದಿರಿ. ಕಣ್ಣಿಂದ ನೋಡಿ ಎತ್ತಿದೆ. ‘ಮತ್ತೇನಮ್ಮಾ?’ ಎಂದು ಪಕ್ಕದವರ ಮುಖ ನೋಡಿದಿರಿ. ಅವರೂ ‘ಮತ್ತೇನಮ್ಮಾ?’ ಅಂದರು.

ಕಣ್ಣು ಮುಚ್ಚುತ್ತೇನೆ, ಮುಟ್ಟಿ ನೋಡಿ ಅಂದೆ. ‘ಕಣ್ಣು ಮುಚ್ಚಿ ನಾಟಕ ಮಾಡೋರನ್ನ ಬಹಳ ನೋಡಿದ್ದೀವಿ’ ಅಂದಿರಿ. ಹಾಗಾದರೆ ಒಂದು ಬಟ್ಟಲು ಬೆಚ್ಚನೆಯ ನೀರು ತರಿಸಿ, ಎಲ್ಲ ಬೆರಳೂ ಸುಕ್ಕಾಗುತ್ತವೆ, ಇದು ಆಗುವುದಿಲ್ಲ, ಅದನ್ನು ನಾಟಕ ಮಾಡೋಕಾಗಲ್ಲ ಅಂದೆ. ‘ಇದೇನು ಮ್ಯಾಜಿಕ್ ಶೋನಾ?’ ಅಂದಿರಿ. ಮೇಜಿನ ಮೇಲೆ ನಿಮ್ಮ ಕುಡಿಯುವ ನೀರಿನ ಹೂಜಿ ಇತ್ತು. ಕಾಲು ಗಂಟೆ ಕಾಯುವ ವ್ಯವಧಾನ ಇರಲಿಲ್ಲ, ಅಷ್ಟೇ.

ಹೊಲಿಗೆ ಡಾಕ್ಟರ ಪತ್ರದ ತಲೆಯಲ್ಲಿ ‘ಪ್ಲಾಸ್ಟಿಕ್ ಸರ್ಜರಿ ವಿಭಾಗ’ ಎಂದಿತ್ತು. ಅದನ್ನು ಓದಿದ ಮೇಲೆ ನೀವು ಕೆಳಗಿನ ಸಾಲು ಓದುವ ಕಷ್ಟ ತೆಗೆದುಕೊಳ್ಳಲಿಲ್ಲ. ‘ಮೂಗು ನೆಟ್ಟಗೆ ಮಾಡೋದು, ತುಟಿ ದಪ್ಪ ಮಾಡೋದು, ಇದೆಲ್ಲ ನಮ್ಮ ವ್ಯಾಪ್ತಿಗೆ ಬರಲ್ಲಮ್ಮಾ’ ಅಂದಿರಿ. ಸದಸ್ಯರು ನಕ್ಕರು. ಮಾನ್ಯರೇ, ಈ ವಯಸ್ಸಿನಲ್ಲಿ ನನಗೆ ತೋರುಬೆರಳಿನ ಚೆಲುವು ಕಟ್ಟಿಕೊಂಡು ಏನಾಗಬೇಕು? ಅದನ್ನು ಯಾವ ಕನ್ನಡಿ ಮುಂದೆ ಹಿಡಿದು ನಾಚಿಕೊಳ್ಳಲಿ? ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ. ನಿಮಗೆ ಕನ್ನಡಿ ಕೊಟ್ಟರೂ ಹುಣ್ಣು ಕಾಣಲಿಲ್ಲ. ಅಂದು ಬೆರಳನ್ನು ಮೊಂಡಾಗಿಸಿಕೊಂಡಿದ್ದರೆ ನಿಮ್ಮ ಅಳತೆಪಟ್ಟಿಗೆ ಸಿಕ್ಕಿಬೀಳುತ್ತಿದ್ದೆ, ಗಾಯಾಳು ಅನ್ನಿಸಿಕೊಳ್ಳುತ್ತಿದ್ದೆ. ಉಳಿಸಿಕೊಂಡದ್ದೇ ಅಪರಾಧವಾಯಿತು.

ಹೋಗುವಾಗ ಒಂದು ಉಪದೇಶವನ್ನೂ ದಯಪಾಲಿಸಿದಿರಿ: ‘ಇನ್ನೂ ಒಂಬತ್ತು ಬೆರಳಿವೆಯಲ್ಲ, ಬೇರೆಯದರಲ್ಲಿ ಕಲಿತ್ಕೋ.’ ಚರ್ಮ ಕೊಟ್ಟ ನಡುಬೆರಳು ಬಿಗಿದುಕೊಂಡಿದೆ. ಉಂಗುರದ ಬೆರಳಿಗೆ ಕಲಿಸಲು ಮನೆಯವರ ತೋಳುಗಳನ್ನೆಲ್ಲ ಒತ್ತಿ ಒತ್ತಿ ನೋಡಿದೆ, ಅದು ಹೊರಗಿನವರ ಮನೆಯಲ್ಲಿ ದೀಪದ ಸ್ವಿಚ್ ಹುಡುಕುವ ಹಾಗೆ ತಡಕಾಡುತ್ತದೆ. ಒಂದಿಲ್ಲದಿದ್ದರೆ ಇನ್ನೊಂದು ಎನ್ನುವುದಾದರೆ ನಿಮಗೂ ಎರಡು ಕಿವಿಗಳಿವೆಯಲ್ಲ, ಅಂದು ಒಂದರಲ್ಲಾದರೂ ಯಾಕೆ ಕೇಳಿಸಲಿಲ್ಲ? ‘ಹೊರಗಡೆ ಎಲ್ಲಾದ್ರೂ ಮಾಡಿಸ್ಕೊಳ್ಳಿ’ ಎಂದು ನಿಮ್ಮ ಗುಮಾಸ್ತರು ಸಮಾಧಾನ ಹೇಳಿದರು. ಈ ಊರಲ್ಲಿ ನರ ಹೊಲಿಯುವವರು ಹೊಲಿಗೆ ಡಾಕ್ಟರೊಬ್ಬರೇ. ಅವರು ಕೆಲಸ ಮಾಡುವ ಕೊಠಡಿಯ ಬೀಗ ನಿಮ್ಮ ಸಹಿಗೆ ಮಾತ್ರ ತೆರೆಯುತ್ತದೆ.

ಆದೇಶ ಬಂತು. ಮೂರನೆಯ ಕುರ್ಚಿಯ ಪಕ್ಕ ಮತ್ತೆ ನಿಂತೆ. ಎದ್ದು ಕಾಣುವ ನಾಳದವರು ಬಂದಾಗ ಹೇಗೋ ನಡೆಯಿತು. ನನಗೂ ಒಂದು ಹುಚ್ಚು ಧೈರ್ಯ ಬಂತು. ಆಮೇಲೆ ಮಕ್ಕಳ ವಾರ್ಡಿನಿಂದ ಕರೆ ಬಂತು. ನಡೆಯಲೂ ಬಾರದ ಹೆಣ್ಣುಕೂಸು, ಜ್ವರದಲ್ಲಿ ಕೆಂಡವಾಗಿತ್ತು. ತಾಯಿ ಬಟ್ಟೆ ಇಸ್ತ್ರಿ ಮಾಡುವವಳು. ನನ್ನನ್ನು ನೋಡಿದ್ದೇ ಅವಳ ಮುಖ ಅರಳಿತು. ‘ಇರುವೆ ಅಕ್ಕ ಬಂದ್ರು ನೋಡು ಪುಟ್ಟೀ, ನಮ್ಮ ದೊಡ್ಡವನಿಗೂ ಇವರೇ ತೆಗೆದಿದ್ದು, ಅವನಿಗೆ ಗೊತ್ತೇ ಆಗಿರ್ಲಿಲ್ಲ’ ಎಂದು ಕೂಸಿನ ಕೈಯನ್ನು ನನ್ನ ಕೈಗೆ ಕೊಟ್ಟಳು.

ಒತ್ತಿದೆ. ಏನೂ ಹೇಳಲಿಲ್ಲ ಬೆರಳು. ಗೋಡೆ ಮುಟ್ಟಿದರೂ ಅಷ್ಟೇ, ಕೂಸಿನ ಕೈ ಮುಟ್ಟಿದರೂ ಅಷ್ಟೇ. ಅಂದಾಜಿನ ಮೇಲೆ ಚುಚ್ಚಿದೆ. ತಪ್ಪಿತು. ಪಕ್ಕಕ್ಕೆ ಚುಚ್ಚಿದೆ, ತಪ್ಪಿತು. ಇನ್ನೊಂದು ಕೈಗೆ ಚುಚ್ಚಿದೆ, ನಾಳ ಒಡೆದು ಚರ್ಮದಡಿ ನೀಲಿಯಾಗಿ ಊದಿಕೊಂಡಿತು. ಕೂಸು ಅತ್ತೂ ಅತ್ತೂ ದನಿ ಹೋಗಿ ಬರೀ ಬಾಯಿ ತೆರೆಯುತ್ತಿತ್ತು. ತಾಯಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೂಸನ್ನು ಎದೆಗವಚಿಕೊಂಡು, ‘ಬಿಡಿ ಅಕ್ಕ, ನಿಮಗೆ ಇವತ್ತು ಹುಷಾರಿಲ್ಲ ಅನ್ಸುತ್ತೆ’ ಅಂದಳು. ನಾನು ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಆ ಬೆರಳನ್ನು ಹಲ್ಲಿನಿಂದ ಕಚ್ಚಿದೆ. ರಕ್ತ ಬಂತು, ನೋವು ಬರಲಿಲ್ಲ. ಆ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿದ್ದ ಮುಖ ನಿಮ್ಮದು.

ಅಂದೇ ಕೂಸಿನ ಕೈಯ ವಿಷಯ ಹೇಳಿ ಮಂಡಳಿಗೆ ಬರೆದುಕೊಟ್ಟೆ, ನರದ ಶಸ್ತ್ರಚಿಕಿತ್ಸೆ ಆಗುವ ತನಕ ಸೂಜಿ ಹಿಡಿಯುವುದಿಲ್ಲ ಎಂದು. ನೀವು ತಕ್ಷಣ ಉತ್ತರಿಸಿದಿರಿ. ಚಿಲಕಕ್ಕೆ ಬಾರದ ಉತ್ತರ ಇದಕ್ಕೆ ಎಷ್ಟು ಬೇಗ ಬಂತು! ಸಂಪೂರ್ಣ ಸಮರ್ಥಳಾಗಿದ್ದೂ ಕೆಲಸ ನಿರಾಕರಿಸಿದ್ದು ಕರ್ತವ್ಯಲೋಪ, ಸೋಮವಾರದಿಂದ ಸೂಜಿ ಹಿಡಿಯದಿದ್ದರೆ ಮನೆಗೆ ಕಳಿಸಲಾಗುವುದು ಎಂಬ ನೋಟಿಸು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಸೂಜಿ ಹಿಡಿದರೆ ಮಕ್ಕಳ ಕೈ ನೀಲಿ, ಬಿಟ್ಟರೆ ನನ್ನ ಕೆಲಸ ಹೋಯಿತು.

ಸೋಮವಾರ ಬಂತು, ಮಾನ್ಯರೇ. ಆ ಸೋಮವಾರ ದೇವರು ಕಣ್ಣುಬಿಟ್ಟನೋ, ನಿಮ್ಮ ಸಕ್ಕರೆ ಕಾಯಿಲೆಯೇ ಕಣ್ಣುಬಿಟ್ಟಿತೋ ನಾನರಿಯೆ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ರಕ್ತ ಪರೀಕ್ಷೆಗೆ ಬಂದವರು ನೀವು. ಬೆಂಚು ತುಂಬಿತ್ತು. ನಮ್ಮ ಕೊಠಡಿಯ ಹಿರಿಯಕ್ಕ, ನಿವೃತ್ತಿಯ ಹೊಸ್ತಿಲಲ್ಲಿರುವ, ಯಾರ ಹಂಗೂ ಇಲ್ಲದ ಹೆಂಗಸು, ದೊಡ್ಡ ದನಿಯಲ್ಲಿ ಸ್ವಾಗತಿಸಿದರು.

‘ಬನ್ನಿ ಸರ್, ಬನ್ನಿ. ನಿಮಗೆ ಯಾವಾಗ್ಲೂ ಇರುವೆ ಅಕ್ಕನೇ ಅಲ್ವಾ? ನಿಮ್ಮ ಪುಣ್ಯ, ಇವತ್ತಿಂದ ಮತ್ತೆ ಸೂಜಿ ಹಿಡೀತಿದ್ದಾಳೆ. ಮೂರನೇ ಕುರ್ಚಿ.’

ನೋಟಿಸಿಗೆ ಮಣಿದು ನಾನು ಗ್ಲೌಸ್ ಹಾಕಿಕೊಂಡು ನಿಂತೆ. ತುದಿ ಹರಿಯಲಿಲ್ಲ, ನಿಮ್ಮ ಆದೇಶಕ್ಕೆ ಅಷ್ಟಾದರೂ ಮರ್ಯಾದೆ ಕೊಡಬೇಡವೇ? ನೀವು ಕುರ್ಚಿಯ ತನಕ ಬಂದಿರಿ. ಅಂಗಿಯ ತೋಳು ಮಡಚಲು ಗುಂಡಿ ಬಿಚ್ಚಿದಿರಿ. ನನ್ನ ಮುಖ ನೋಡಿದಿರಿ, ಬೆರಳು ನೋಡಿದಿರಿ, ಗುಂಡಿ ಮತ್ತೆ ಹಾಕಿಕೊಂಡಿರಿ.

‘ಇಲ್ಲ ಇಲ್ಲ, ಬೇರೆ ಯಾರಾದ್ರೂ ಬರ್ಲಿ.’

‘ಯಾಕೆ ಸರ್?’ ಹಿರಿಯಕ್ಕ ಕೇಳಿದರು.

‘ಪಾಪ, ಅವಳ ಬೆರಳಿಗೆ ಪೆಟ್ಟಾಗಿದೆಯಲ್ಲ.’

ಬೆಂಚಿನ ಮೇಲಿದ್ದವರೆಲ್ಲ ಕೇಳಿಸಿಕೊಂಡರು. ಅಳತೆಪಟ್ಟಿಗೆ ಕಾಣದ ಪೆಟ್ಟು, ಹೊಲಿಗೆ ಡಾಕ್ಟರ ಪತ್ರದಲ್ಲಿ ಕಾಣದ ಪೆಟ್ಟು, ನೀಲಿಯಾದ ಕೂಸಿನ ಕೈಯಲ್ಲೂ ಕಾಣದ ಪೆಟ್ಟು ನಿಮ್ಮ ತೋಳಿನ ಬುಡಕ್ಕೆ ಬಂದಾಗ ಎಷ್ಟು ಚೆನ್ನಾಗಿ ಕಂಡಿತು! ಆಮೇಲೆ ಮೊದಲನೆಯ ಕುರ್ಚಿಯವರು ನಿಮಗೆ ಎರಡು ಸಲ ಚುಚ್ಚಿದರು, ಎರಡು ಸಲವೂ ತಪ್ಪಿತು. ಎರಡೂ ತೋಳಿಗೆ ಹತ್ತಿ ಅಂಟಿಸಿಕೊಂಡು ‘ನಾಳೆ ಬರ್ತೀನಿ’ ಎಂದು ಹೋದಿರಿ. ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ದಿನಗಳ ನಂತರ ಅಂದು ರಾತ್ರಿ ನಿದ್ದೆ ಚೆನ್ನಾಗಿ ಬಂತು. ನಮ್ಮತ್ತೆಗೆ ಹೇಳಿದರೆ ಅವರು ‘ಮಾಡಿದ್ದುಣ್ಣೋ ಮಹಾರಾಯ’ ಎಂದು ಮಗ್ಗುಲಾದರು.

ಆದರೆ ನೀವು ಉಂಡದ್ದು ಸಾಲದು. ‘ಅವಳ ಬೆರಳಿಗೆ ಪೆಟ್ಟಾಗಿದೆ’ ಎಂದು ನೀವು ಆ ಬೆಂಚಿನ ಮುಂದೆ ಕೊಟ್ಟ ತೀರ್ಪನ್ನು ನನಗೆ ಕಾಗದದ ಮೇಲೆ ಬೇಕು. ‘ಸೌಂದರ್ಯವರ್ಧನೆ’ ಎಂಬ ಪದವನ್ನು ನಿಮ್ಮ ಕೈಯಾರೆ ಹೊಡೆದು ಹಾಕಿ, ನರದ ಶಸ್ತ್ರಚಿಕಿತ್ಸೆಗೆ ಸಹಿ ಮಾಡಿ. ವರ್ಷ ತುಂಬಲು ಇನ್ನು ಹೆಚ್ಚು ದಿನಗಳಿಲ್ಲ. ನೀವು ಕಡತವನ್ನು ಮಗುಚಿ ಹಾಕುವಷ್ಟು ಹೊತ್ತಿನಲ್ಲಿ ನನ್ನ ಬೆರಳು ಶಾಶ್ವತವಾಗಿ ಸಾಯುತ್ತದೆ. ಹಾಗೆ ಸತ್ತರೆ ಅದರ ಸಾವಿಗೆ ಬುಗುರಿಯನ್ನು ದೂರುವುದಿಲ್ಲ, ನಿಮ್ಮನ್ನು ದೂರುತ್ತೇನೆ, ಸಿಕ್ಕ ಸಿಕ್ಕವರ ಮುಂದೆ, ನಾನು ಸಾಯುವ ತನಕ.

ಸಹಿ ಮಾಡುವುದಿಲ್ಲವೇ? ನಿಮ್ಮ ಆದೇಶವೇ ಸರಿಯೇ? ಬಹಳ ಸಂತೋಷ. ಹಾಗಾದರೆ ಬರುವ ಸೋಮವಾರ ಬೆಳಗ್ಗೆ ಬಂದು ಮೂರನೆಯ ಕುರ್ಚಿಯಲ್ಲಿ ಕೂತುಕೊಳ್ಳಿ, ಸಂಪೂರ್ಣ ಸಮರ್ಥಳಾದ ನಾನು ನಿಮ್ಮ ರಕ್ತ ತೆಗೆಯುತ್ತೇನೆ. ಪತ್ರಿಕೆಯವರು ಬರುತ್ತೇವೆ ಎಂದಿದ್ದಾರೆ. ಇಸ್ತ್ರಿ ಮಾಡುವ ಆ ತಾಯಿಗೂ ಹೇಳಿ ಕಳಿಸಿದ್ದೇನೆ, ಕೂಸು ಈಗ ಗುಣವಾಗಿದೆ, ಎತ್ತಿಕೊಂಡೇ ಬರುತ್ತಾಳೆ. ನಿಮಗೆ ಭಯವಾದರೆ ಅವಳು ನಿಮ್ಮ ಇನ್ನೊಂದು ಕೈ ಹಿಡಿದುಕೊಳ್ಳುತ್ತಾಳೆ. ನಾನು ಬೇಕೆಂದು ತಪ್ಪಾಗಿ ಚುಚ್ಚುವವಳಲ್ಲ, ಆಣೆ ಮಾಡಿ ಹೇಳುತ್ತೇನೆ. ಬೇಡವೆಂದರೂ ತಪ್ಪುತ್ತದೆ, ನಿಮಗೆ ಇಷ್ಟು ದಿನ ಹೇಳುತ್ತಿದ್ದದ್ದೂ ಅದನ್ನೇ. ಆ ಕೂಸಿಗೆ ಮೂರು ಸಲ ಚುಚ್ಚಿದ್ದೇನೆ. ನೀವು ದೊಡ್ಡವರು, ಅದಕ್ಕಿಂತ ಕಡಿಮೆ ಮಾಡಿ ನಿಮಗೆ ಅವಮಾನ ಮಾಡಲಾರೆ.

ಕುರ್ಚಿಯಲ್ಲಿ ಕೂರಲೂ ಧೈರ್ಯವಿಲ್ಲ, ಸಹಿ ಮಾಡಲೂ ಮನಸ್ಸಿಲ್ಲ ಎಂದರೆ ಮೂರನೆಯ ದಾರಿಯೊಂದಿದೆ. ನೀವು ಕೂತಿರುವ ದೊಡ್ಡ ಕುರ್ಚಿಯಿಂದ ಎದ್ದುಬಿಡಿ. ಮುಟ್ಟಿದರೆ ತಿಳಿಯದ ಬೆರಳಿನಿಂದ ನಾನು ಸೂಜಿ ಹಿಡಿಯಬಾರದು ಎಂದು ನಾನೇ ತಿಳಿದು ದೂರ ಸರಿದೆ. ಅಷ್ಟು ತಿಳಿವಳಿಕೆ ನಿಮಗೂ ಬರಲಿ ಎಂದು ಕಾಯುತ್ತಿದ್ದೇನೆ.

ಇಂತಿ, ನೀವೇ ಬರೆದಂತೆ ಪೂರ್ಣ ಸ್ವರೂಪದ ಬೆರಳುಳ್ಳ, ಸಾಲದ್ದಕ್ಕೆ ಸುಂದರಿಯೂ ಆಗಹೊರಟ,

ಇರುವೆ ಅಕ್ಕ
ಮೂರನೆಯ ಕುರ್ಚಿ, ರಕ್ತ ತೆಗೆಯುವ ಕೊಠಡಿ

ಮರೆತಿದ್ದೆ: ಸೋಮವಾರ ಖಾಲಿ ಹೊಟ್ಟೆಯಲ್ಲಿ ಬನ್ನಿ. ತೋಳು ಸಡಿಲವಿರುವ ಅಂಗಿ ಹಾಕಿಕೊಳ್ಳಿ.